ನಮಗಾಗಿ ಕಾಯದ ಬೀಜಗಳು

ಈ ಸ್ಟೀಲ್ ಡಬ್ಬಿ ಒಂದು ಸುತ್ತು ಎಲ್ಲರ ಕೈಗೂ ಹೋಗಲಿ. ಮುಚ್ಚಳ ತೆಗೆಯಬೇಡಿ, ಸುಮ್ನೆ ಅಲ್ಲಾಡಿಸಿ. ಗಲಗಲ ಅನ್ನುತ್ತದೆ, ಅಲ್ವಾ? ಒಳಗಿರುವುದು ಅಶೋಕದ ಬೀಜ. ಆ ಸದ್ದು ಅಷ್ಟು ಚೆನ್ನಾಗಿ ಕೇಳಿಸುತ್ತಿದೆ ಅಂದರೆ ಬೀಜ ಸತ್ತಿದೆ ಅಂತ ಅರ್ಥ.

ಅಶೋಕ ಅಂದಕೂಡಲೇ ಕಾಂಪೌಂಡಿನ ಪಕ್ಕ ಕಂಬದ ಹಾಗೆ ಎದ್ದು ನಿಲ್ಲುವ ಮರ ನೆನಪಾಗುತ್ತದೆ. ಅದಲ್ಲ. ಅದು ಬೇರೆಯೇ ಜಾತಿ, ಹೆಸರನ್ನು ಮಾತ್ರ ಕಡ ತಂದಿದೆ. ನಾನು ಹೇಳುತ್ತಿರುವುದು ನಿಜವಾದ ಅಶೋಕ, ಸೀತೆ ಕೂತಿದ್ದಳು ಅನ್ನುತ್ತೇವಲ್ಲ, ಆ ಮರ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಕೊಂಬೆಗೇ ಅಂಟಿಸಿದ ಹಾಗೆ ಕಿತ್ತಳೆ ಬಣ್ಣದ ಗೊಂಚಲು ಬಿಟ್ಟು, ದಿನ ಕಳೆದ ಹಾಗೆ ಕೆಂಪಾಗುತ್ತದೆ. ಆಮೇಲೆ ಚಪ್ಪಟೆ ಕಾಯಿ ಕಟ್ಟುತ್ತದೆ. ಮಳೆ ಹಿಡಿಯುವ ಹೊತ್ತಿಗೆ ಕಾಯಿ ಕಪ್ಪಾಗಿ ಬಿರಿದು ಬೀಜ ಕೆಳಗೆ ಬೀಳುತ್ತದೆ.

ನಾಲ್ಕು ವರ್ಷದ ಹಿಂದೆ ಪರಿಚಯದವರ ಮನೆಯ ಅಶೋಕದಡಿ ಹೀಗೆ ಬಿದ್ದಿದ್ದನ್ನು ಆಯ್ದುಕೊಂಡು ಬಂದೆ. ನಲವತ್ತು ಬೀಜ ಇತ್ತು. ಮೂರು ದಿನ ಬಿಸಿಲಿಗೆ ಹಾಕಿದೆ. ಒಲೆ ಬೂದಿ ಸವರಿದೆ. ಡಬ್ಬಿಗೆ ಹಾಕಿ, ಹೊಸ ಚಪ್ಪಲಿ ಬಾಕ್ಸಿನಲ್ಲಿ ಬಂದಿದ್ದ, ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣವನ್ನೂ ಇಟ್ಟೆ. ಫ್ರಿಜ್ಜಿನ ಬಾಗಿಲ ಮೇಲಿನ ಅರೆಯಲ್ಲಿ ಜಾಗ ಮಾಡಿದೆ. ಮುಂದಿನ ಜೂನ್‌ನಲ್ಲಿ ಅರ್ಧ ಬಿತ್ತಿದೆ. ಒಂದೂ ಹುಟ್ಟಲಿಲ್ಲ. ಮಿಕ್ಕಿದ್ದರಲ್ಲಿ ಒಂದನ್ನು ಚಾಕುವಿನಲ್ಲಿ ಸೀಳಿ ನೋಡಿದರೆ ಒಳಗೆ ಬೇಳೆ ಹಳೇ ಗೋಟಡಿಕೆಯ ಹಾಗೆ ಕಂದಾಗಿ ಸುರುಟಿಕೊಂಡಿತ್ತು. ಉಳಿದವೇ ಈ ಡಬ್ಬಿಯಲ್ಲಿರುವುದು.

ನಾನು ಮಾಡಿದ್ದು ಯಾವುದೂ ತಪ್ಪಲ್ಲ. ರಾಗಿಗಾದರೆ.

ನಮ್ಮ ತಲೆಯಲ್ಲಿ ಬೀಜ ಅಂದರೆ ರಾಗಿ, ಭತ್ತ, ಅವರೆ. ಚೆನ್ನಾಗಿ ಒಣಗಿಸು, ಬೂದಿ ಹಾಕು, ಗಾಳಿಯಾಡದ ಹಾಗೆ ಮುಚ್ಚು. ಹಗೇವಿನಲ್ಲಿ ರಾಗಿ ತುಂಬಿ ವರ್ಷಗಟ್ಟಲೆ ಇಡುತ್ತಿದ್ದ ಜನ ನಾವು. ಅದೇ ಬುದ್ಧಿಯನ್ನು ಹೂತೋಟಕ್ಕೂ ತರುತ್ತೇವೆ. ಆದರೆ ಚೈತ್ರ ವೈಶಾಖದಲ್ಲಿ ಹೂ ಬಿಡುವ ಎಷ್ಟೋ ಗಿಡಗಳ ಬೀಜದ ಆಯಸ್ಸು ತೀರಾ ಕಮ್ಮಿ. ಅದಕ್ಕೆ ಕಾರಣ ಒಂದೇ ಅಲ್ಲ. ಕೆಲವು ಒಣಗಿದರೆ ಸಾಯುತ್ತವೆ. ಕೆಲವು ಸರಿಯಾಗಿ ಒಣಗದೆ ಸಾಯುತ್ತವೆ. ಇವತ್ತು ಮಿಕ್ಕಿದ್ದೆಲ್ಲ ಮರೆತರೂ ಪರವಾಗಿಲ್ಲ, ಈ ಎರಡನ್ನು ಮಾತ್ರ ಬೆರೆಸಬೇಡಿ. ಮೊದಲನೆಯದಕ್ಕೆ ಮಾಡುವ ಉಪಚಾರ ಎರಡನೆಯದಕ್ಕೆ ವಿಷ.

1973ರಲ್ಲಿ ರಾಬರ್ಟ್ಸ್ ಅನ್ನುವ ಬೀಜ ವಿಜ್ಞಾನಿ ಇವಕ್ಕೆ ಹೆಸರಿಟ್ಟರು. ಒಣಗಿಸಿ ತಣ್ಣಗಿಟ್ಟರೆ ಬದುಕುವವು ಆರ್ಥೊಡಾಕ್ಸ್. ಒಪ್ಪದವು ರಿಕ್ಯಾಲ್ಸಿಟ್ರೆಂಟ್, ಅಂದರೆ ಹಟಮಾರಿ. ಆರ್ಥೊಡಾಕ್ಸ್‌ಗೆ ನಾನು ಮಡಿವಂತ ಬೀಜ ಅನ್ನುತ್ತೇನೆ. ನೀರು ಮುಟ್ಟದೆ, ಯಾರನ್ನೂ ಮುಟ್ಟಿಸಿಕೊಳ್ಳದೆ ಮೂಲೆಯಲ್ಲಿ ಕೂತಿರುತ್ತವೆ. ಚೀನಾದ ಒಂದು ಒಣಗಿದ ಕೆರೆಯ ತಳದಲ್ಲಿ ಸಿಕ್ಕ ತಾವರೆ ಬೀಜ ಸುಮಾರು 1300 ವರ್ಷ ಹಾಗೆ ಕೂತಿದ್ದು ಮೊಳೆತಿದೆ.

ಹಟಮಾರಿ ಬೀಜ ನೋಡಲು ಎಲ್ಲಿಗೂ ಹೋಗಬೇಕಾಗಿಲ್ಲ. ಸೀಮೆಬದನೆಕಾಯಿ ತಂದು ತರಕಾರಿ ಬುಟ್ಟಿಯಲ್ಲಿ ಮರೆತಿದ್ದೀರಲ್ಲ? ಕಾಯಿಯೊಳಗಿಂದಲೇ ಬಾಯಿ ತೆರೆದು ಮೊಳಕೆ ಬಂದಿರುತ್ತದೆ. ಹಲಸಿನ ಹಣ್ಣು ಬಿಡಿಸುವಾಗ ಕೆಲವು ಬೀಜಕ್ಕೆ ಒಳಗೇ ಬೇರು ಬಂದಿರುತ್ತದೆ. ಮಡಿವಂತ ಬೀಜ ಬಲಿಯುವ ಕೊನೆಯಲ್ಲಿ ತಾನೇ ನೀರು ಬಿಟ್ಟುಕೊಡುತ್ತದೆ. ಒಣಗಿದರೂ ಜೀವಕೋಶ ಹಾಳಾಗದಿರಲಿ ಅಂತ ಒಂದಷ್ಟು ಸಕ್ಕರೆ, ಒಂದಷ್ಟು ಪ್ರೋಟೀನು ಮೊದಲೇ ಕೂಡಿಟ್ಟುಕೊಳ್ಳುತ್ತದೆ. ಹಟಮಾರಿ ಬೀಜಕ್ಕೆ ಈ ಕಟ್ಟಕಡೆಯ ಸಿದ್ಧತೆಯೇ ಇಲ್ಲ. ಹಸಿಹಸಿಯಾಗಿಯೇ ಉದುರುತ್ತದೆ. ಅದು ನಿದ್ದೆ ಮಾಡುತ್ತಿಲ್ಲ, ಉಸಿರಾಡುತ್ತಾ ಬೆಳೆಯುತ್ತಲೇ ಇದೆ. ಅದನ್ನು ಬಿಸಿಲಲ್ಲಿ ಒಣಗಿಸುವುದೂ ಒಂದೇ, ಸಸಿಯನ್ನು ಕಿತ್ತು ಟೆರೇಸ್ ಮೇಲೆ ಹಾಕುವುದೂ ಒಂದೇ.

ಹಾಗಾದರೆ ಅಶೋಕದ ಬೀಜ ಸಿಕ್ಕರೆ ಏನು ಮಾಡಬೇಕು? ಅದೇ ವಾರ ಬಿತ್ತಬೇಕು, ಅಷ್ಟೇ. ಒಂದು ರಾತ್ರಿ ನೀರಲ್ಲಿ ನೆನೆಸಿ. ತೇಲಿದ್ದು ಜೊಳ್ಳು ಅಂತ ಲೆಕ್ಕ ಹಾಕಿ, ಆದರೂ ಒಂದು ಮೂಲೆಯಲ್ಲಿ ಹಾಕಿಡಿ, ಕೆಲವೊಮ್ಮೆ ಹುಟ್ಟುತ್ತವೆ. ಉದ್ದನೆಯ ನರ್ಸರಿ ಕವರಿನಲ್ಲಿ ಮಣ್ಣು, ಮರಳು, ಒಂದಿಷ್ಟು ಕೊಟ್ಟಿಗೆ ಗೊಬ್ಬರ ತುಂಬಿ, ಬೀಜವನ್ನು ಅಡ್ಡ ಮಲಗಿಸಿ ಒಂದು ಬೆರಳ ಗೆಣ್ಣಿನಷ್ಟು ಮಣ್ಣು ಮುಚ್ಚಿ ನೆರಳಲ್ಲಿಡಿ. ಮೂರು ವಾರದ ಆಸುಪಾಸಿನಲ್ಲಿ ಮೊಳಕೆ ಕಾಣುತ್ತದೆ. ಬಿತ್ತಲು ಆಗಲೇ ಇಲ್ಲ, ಊರಿಗೆ ಹೋಗಬೇಕು ಅನ್ನುವುದಾದರೆ ಕೊಕೊಪೀಟನ್ನು, ಅಂದರೆ ತೆಂಗಿನ ನಾರಿನ ಪುಡಿಯನ್ನು ನೆನೆಸಿ, ಗಟ್ಟಿಯಾಗಿ ಹಿಂಡಿ, ಅದರೊಳಗೆ ಬೀಜ ಹೂತು, ಜಿಪ್ ಕವರಿಗೆ ಹಾಕಿ ಬಾಯಿ ಸ್ವಲ್ಪ ತೆರೆದಿಡಿ. ಮನೆಯಲ್ಲಿ ತಂಪಾದ ಮೂಲೆ ಸಾಕು. ಫ್ರಿಜ್ಜು ಬೇಡ. ನಮ್ಮ ಕಡೆಯ ಹಟಮಾರಿ ಬೀಜಗಳಿಗೆ ಒಣಗುವುದಷ್ಟೇ ಅಲ್ಲ, ಚಳಿಯೂ ಆಗುವುದಿಲ್ಲ. ಹೀಗಿಟ್ಟರೆ ಎರಡು ಮೂರು ವಾರ ದೂಡಬಹುದು. ಅದಕ್ಕಿಂತ ಜಾಸ್ತಿ ಆಸೆಪಡಬೇಡಿ, ಅಷ್ಟರಲ್ಲಿ ಕವರಿನೊಳಗೇ ಮೊಳಕೆ ಬಂದಿರುತ್ತದೆ.

ಅಶೋಕ ಬೆಳೆಸುವವರಿಗೆ ಇನ್ನೊಂದು ಮಾತು. ಹೊಸ ಎಲೆ ಬರುವಾಗ ತಾಮ್ರದ ಬಣ್ಣದಲ್ಲಿ, ಒದ್ದೆ ಬಟ್ಟೆ ನೇತುಹಾಕಿದ ಹಾಗೆ ಜೋತುಬಿದ್ದು ಬರುತ್ತದೆ. ಮೊದಲ ಸಲ ಹುಟ್ಟಿದ ಸಸಿಗೆ ಬಾಯಾರಿಕೆ ಆಗಿದೆ ಅಂದುಕೊಂಡು ನೀರು ಹಾಕಿ ಹಾಕಿ ಬುಡ ಕೊಳೆಸಿದ್ದೇನೆ. ಅದು ಆ ಎಲೆಯ ಸ್ವಭಾವ. ಕೆಲವು ದಿನಕ್ಕೆ ತಾನೇ ಹಸಿರಾಗಿ ನೆಟ್ಟಗಾಗುತ್ತದೆ.

ಹಟಮಾರಿಗಳಲ್ಲಿ ನನಗೆ ತುಂಬ ಇಷ್ಟವಾದದ್ದು ಕ್ರೈನಮ್ ಲಿಲ್ಲಿ. ಕರಾವಳಿಯವರಿಗೆ ಚೆನ್ನಾಗಿ ಗೊತ್ತಿರುತ್ತದೆ, ಬಿಳಿ ಎಸಳು ತೆಳ್ಳಗೆ ಬಾಗಿದ, ರಾತ್ರಿ ಘಮ್ಮೆನ್ನುವ ಹೂ. ಅದರ ಬೀಜ ಮೇಜಿನ ಮೇಲಿದೆ, ಆಮೇಲೆ ನೋಡಿ. ಸಣ್ಣ ಆಲೂಗಡ್ಡೆಯ ಹಾಗಿದೆ. ಮೇಲೆ ಗಟ್ಟಿ ಸಿಪ್ಪೆ ಇಲ್ಲ, ಉಗುರಲ್ಲಿ ಗೀರಿದರೆ ಒಳಗೆ ಹಸಿರು. ಸಮುದ್ರದ ನೀರಲ್ಲಿ ತೇಲಿಕೊಂಡು ಹೋಗಿ ಇನ್ನೊಂದು ದಡ ಹಿಡಿಯುವ ಬೀಜ ಅದು. ತನ್ನ ನೀರು ತಾನೇ ಹೊತ್ತುಕೊಂಡು ಹೋಗುತ್ತದೆ. ಹಾಗಾಗಿ ಮೊಳೆಯಲು ಮಣ್ಣೂ ಬೇಡ, ನೀರೂ ಬೇಡ. ನಮ್ಮನೆ ಕಿಟಕಿ ಕಟ್ಟೆಯ ಮೇಲೆ ಇಟ್ಟಿದ್ದ ಒಂದು ಬೀಜ ಒಂದು ಬೆಳಗ್ಗೆ ಬಿಳಿ ಕೊಳವೆಯೊಂದನ್ನು ಹೊರಗೆ ಚಾಚಿತ್ತು. ಅದು ನಿಧಾನಕ್ಕೆ ಕೆಳಗೆ ಬಾಗಿ, ಕಟ್ಟೆಯ ಅಂಚು ದಾಟಿ, ಮಣ್ಣು ಹುಡುಕುತ್ತಿತ್ತು. ಆ ಕೊಳವೆಯ ತುದಿಯಲ್ಲೇ ಪುಟ್ಟ ಗೆಡ್ಡೆ ಕಟ್ಟುತ್ತದೆ. ಇದನ್ನು ಆಳಕ್ಕೆ ಹೂಳಬೇಡಿ, ಕೊಳೆಯುತ್ತದೆ. ಕುಂಡದ ಮಣ್ಣಿನ ಮೇಲೆ ಅರ್ಧ ಒತ್ತಿ ಬಿಡಿ ಸಾಕು.

ಮಡಿವಂತ, ಹಟಮಾರಿ, ಈ ಎರಡರ ನಡುವೆ ಇನ್ನೊಂದು ಗುಂಪಿದೆ. ಒಂದು ಮಟ್ಟಕ್ಕೆ ಒಣಗಿಸಬಹುದು, ಪೂರ್ತಿ ಅಲ್ಲ. ತಣ್ಣಗಿಟ್ಟರೂ ಸಿಟ್ಟು. 1990ರಲ್ಲಿ ಈ ನಡುವಿನ ಗುಂಪನ್ನು ಗುರುತಿಸಿದ್ದು ಯಾವ ಬೀಜದಿಂದ ಗೊತ್ತಾ? ನಮ್ಮ ಕಾಫಿ. ಚಿಕ್ಕಮಗಳೂರು, ಕೊಡಗಿನವರಿಗೆ ಇದು ಹೊಸ ಸುದ್ದಿಯೇ ಅಲ್ಲ. ಬಿತ್ತನೆ ಬೀಜಕ್ಕೆ ಅಂತ ಹಣ್ಣು ಆರಿಸಿ, ಸಿಪ್ಪೆ ತೆಗೆದು, ಜರಡಿ ಹಿಡಿದ ಬೂದಿಯಲ್ಲಿ ಹೊರಳಿಸಿ, ನೆರಳಲ್ಲಿ ಹರವಿ, ದಿನಕ್ಕೊಂದು ಸಲ ಕೈಯಾಡಿಸುತ್ತಾರೆ. ಬಿಸಿಲಿಗೆ ಹಾಕುವುದಿಲ್ಲ. ಡಿಸೆಂಬರ್ ಜನವರಿಯಲ್ಲಿ ಮಡಿಗೆ ಬಿತ್ತಿ ಮುಗಿಸುತ್ತಾರೆ, ಮುಂದಿನ ವರ್ಷಕ್ಕೆ ಇಡುವ ಯೋಚನೆಯೇ ಇಲ್ಲ.

ಬೇವನ್ನೂ ಇದೇ ಸಾಲಿನಲ್ಲಿಟ್ಟು ನಡೆಸಿಕೊಳ್ಳಿ. ಯುಗಾದಿಗೆ ಹೂ ಕಿತ್ತು ಬೆಲ್ಲದ ಜೊತೆ ತಿಂದಿದ್ದೀರಿ. ಅದೇ ಮರದ ಹಣ್ಣು ಜೂನ್ ಜುಲೈನಲ್ಲಿ ಉದುರುತ್ತದೆ. ತಿರುಳು ತೊಳೆದು, ನೆರಳಲ್ಲಿ ಎರಡು ದಿನ ಆರಲು ಬಿಟ್ಟು, ಎರಡು ಮೂರು ವಾರದೊಳಗೆ ಬಿತ್ತಿ. ಸಂಪಿಗೆಯೂ ಹಾಗೇ. ಕಾಯಿ ಒಡೆದಾಗ ಕಾಣುವ ಕೆಂಪು ತಿರುಳಿನಲ್ಲಿ ಎಣ್ಣೆ ಇರುತ್ತದೆ, ಹಕ್ಕಿಗಳಿಗೆ ಪ್ರಾಣ. ಅದನ್ನು ನೆನೆಸಿ, ಮರಳು ಹಾಕಿ ಉಜ್ಜಿ ತೆಗೆದು ತಕ್ಷಣ ಬಿತ್ತಬೇಕು. ಸಂಪಿಗೆ ಹುಟ್ಟಲು ಒಂದು ತಿಂಗಳಿಂದ ಮೂರು ತಿಂಗಳು ಹಿಡಿಯಬಹುದು. ಕುಂಡವನ್ನು ಬೇಜಾರಾಗಿ ಸುರಿದುಬಿಡಬೇಡಿ. ಸುರಿದು ಪಶ್ಚಾತ್ತಾಪ ಪಟ್ಟವರು ಇಲ್ಲೇ ಮುಂದಿನ ಸಾಲಿನಲ್ಲಿ ನಗುತ್ತಿದ್ದಾರೆ.

ಇನ್ನು ಎರಡನೇ ಬಗೆ. ಒಣಗಿಸಿದರೆ ಏನೂ ಆಗದ, ಆದರೂ ಬೇಗ ಸಾಯುವ ಮಡಿವಂತರು. ಲಾರ್ಕ್‌ಸ್ಪರ್, ಆಸ್ಟರ್, ಜರ್ಬೇರಾ, ಟಬೂಬಿಯಾ, ಅಮರಿಲ್ಲಿಸ್. ನಮ್ಮ ಊರಲ್ಲಿ ಇವಕ್ಕೆ ಒಂದು ವಿಶೇಷ ಕಷ್ಟ ಇದೆ. ಲಾರ್ಕ್‌ಸ್ಪರ್ ಮಾರ್ಚ್‌ನಲ್ಲಿ ಬೀಜ ಕಟ್ಟುತ್ತದೆ, ನಾವು ಬಿತ್ತುವುದು ಚಳಿ ಶುರುವಾಗುವ ಅಕ್ಟೋಬರಿನಲ್ಲಿ. ನಡುವೆ ಏನಿದೆ? ಏಪ್ರಿಲ್ ಮೇ ಸೆಕೆ, ಆಮೇಲೆ ನಾಲ್ಕು ತಿಂಗಳ ಮಳೆಗಾಲದ ತೇವ. ವರ್ಷದಲ್ಲಿ ಬೀಜಕ್ಕೆ ಅತಿ ಕೆಟ್ಟ ಆರು ತಿಂಗಳನ್ನು ಅದು ನಮ್ಮ ಅಡುಗೆಮನೆಯ ಅಟ್ಟದ ಮೇಲೆ ಕಳೆಯುತ್ತದೆ. ಅಕ್ಟೋಬರಿನಲ್ಲಿ ಹುಟ್ಟದಿದ್ದರೆ ಬೀಜ ಮಾರಿದವನನ್ನು ಬೈಯುತ್ತೇವೆ.

ಬೀಜದವರ ಬಾಯಲ್ಲಿ ಒಂದು ಹಳೇ ಅಂದಾಜು ಇದೆ, ಹ್ಯಾರಿಂಗ್ಟನ್ ಅನ್ನುವವರು ಹೇಳಿದ್ದು. ಮಡಿವಂತ ಬೀಜದ ತೇವ 1 ಪರ್ಸೆಂಟ್ ಇಳಿದರೆ ಆಯಸ್ಸು ಎರಡರಷ್ಟಾಗುತ್ತದೆ. ಇಟ್ಟ ಜಾಗದ ಬಿಸಿ 5 ಡಿಗ್ರಿ ಸೆಲ್ಸಿಯಸ್ ಇಳಿದರೂ ಎರಡರಷ್ಟು. ಅಟ್ಟ 30 ಡಿಗ್ರಿ, ಫ್ರಿಜ್ಜು 5 ಡಿಗ್ರಿ ಅಂತಿಟ್ಟುಕೊಳ್ಳಿ. 25 ಡಿಗ್ರಿ ವ್ಯತ್ಯಾಸ, ಐದು ಸಲ ಇಮ್ಮಡಿ. ಎರಡು, ನಾಲ್ಕು, ಎಂಟು, ಹದಿನಾರು, ಮೂವತ್ತೆರಡು. ಇದು ಕಂಠಪಾಠ ಮಾಡುವ ಸೂತ್ರ ಅಲ್ಲ, ಒಂದು ಅಂದಾಜು. ಆದರೂ ಫ್ರಿಜ್ಜಿನಲ್ಲಿ ಒಂದು ಡಬ್ಬಿಯ ಜಾಗಕ್ಕಾಗಿ ಮನೆಯವರ ಹತ್ತಿರ ಜಗಳ ಆಡಲು ಸಾಕು.

ಜಗಳ ಗೆದ್ದರೂ ಒಂದು ಎಚ್ಚರಿಕೆ. ಒಣಗದ ಬೀಜವನ್ನು ಫ್ರಿಜ್ಜಿಗೆ ಹಾಕಿದರೆ ಬೂಷ್ಟು ಹಿಡಿಯುತ್ತದೆ. ಮೊದಲು ಪೇಪರ್ ಮೇಲೆ ಹರವಿ ಫ್ಯಾನಿನ ಗಾಳಿಗೆ ನೆರಳಲ್ಲಿ ಒಂದು ವಾರ. ಆಮೇಲೆ ಗಟ್ಟಿ ಮುಚ್ಚಳದ ಗಾಜಿನ ಬಾಟಲಿಯ ತಳಕ್ಕೆ ಸಿಲಿಕಾ ಜೆಲ್. ಇಲ್ಲದಿದ್ದರೆ ಅಕ್ಕಿಯನ್ನು ಕೆಂಪಗೆ ಹುರಿದು, ಪೂರ್ತಿ ಆರಿದ ಮೇಲೆ ಹಾಕಿ. ಬಿಸಿ ಇರುವಾಗ ಹಾಕಿದರೆ ಬೀಜಕ್ಕೂ ಹುರಿದ ಭಾಗ್ಯ. ಅದರ ಮೇಲೆ ಬೀಜದ ಪೇಪರ್ ಪೊಟ್ಟಣ, ಪೊಟ್ಟಣದ ಮೇಲೆ ಹೆಸರು, ತಾರೀಖು. ತಾರೀಖು ಬರೆಯದ ಪೊಟ್ಟಣ ನನ್ನ ಮನೆಯಲ್ಲಿ ನೇರ ಗೊಬ್ಬರದ ಗುಂಡಿಗೆ ಹೋಗುತ್ತದೆ. ಬಿತ್ತುವ ದಿನ ಬಾಟಲಿಯನ್ನು ಹೊರಗೆ ತೆಗೆದಕೂಡಲೇ ತೆರೆಯಬೇಡಿ. ರಾತ್ರಿ ತೆಗೆದಿಟ್ಟು ಬೆಳಗ್ಗೆ ಮುಚ್ಚಳ ತಿರುಗಿಸಿ. ಇಲ್ಲದಿದ್ದರೆ ತಣ್ಣನೆ ಬೀಜದ ಮೇಲೆ ಹೊರಗಿನ ಗಾಳಿಯ ತೇವ ಬೆವರಿನ ಹಾಗೆ ಕೂರುತ್ತದೆ, ಇಷ್ಟು ದಿನದ ಕಷ್ಟ ಒಂದೇ ನಿಮಿಷಕ್ಕೆ ಹೋಗುತ್ತದೆ.

ಟಬೂಬಿಯಾ ಬಗ್ಗೆ ಹೆಚ್ಚು ಹೇಳುವುದಿಲ್ಲ. ರಸ್ತೆ ತುಂಬ ಗುಲಾಬಿ ಬಣ್ಣ ನೋಡಿ ಎಲ್ಲರಿಗೂ ಮನೆ ಮುಂದೆ ಒಂದು ಬೇಕು ಅನ್ನಿಸುತ್ತದೆ. ಕಾಗದದ ರೆಕ್ಕೆಯ ಬೀಜ, ಒಣಗಿದ ಕೋಡಿನಿಂದ ಹಾರುತ್ತದೆ. ಹಿಡಿದ ವಾರ ಬಿತ್ತಿದರೆ ಹುಲ್ಲಿನ ಹಾಗೆ ಹುಟ್ಟುತ್ತದೆ. 1908ರಲ್ಲಿ ಲಾಲ್‌ಬಾಗಿಗೆ ಬಂದ ಜರ್ಮನ್ ತೋಟಗಾರ ಕ್ರುಂಬಿಗಲ್ ಒಂದು ಮರದ ಹೂ ಮುಗಿಯುವಾಗ ಇನ್ನೊಂದು ಶುರುವಾಗುವ ಹಾಗೆ ಬೆಂಗಳೂರಿನ ರಸ್ತೆಗಳಿಗೆ ಮರ ಆರಿಸಿದರು ಅನ್ನುತ್ತಾರೆ. ಸೈಟಿನ ಅಳತೆ 30-40 ಇದ್ದವರು ಆ ಕೆಲಸ ರಸ್ತೆಗೇ ಬಿಡುವುದು ವಾಸಿ.

ಜರ್ಬೇರಾ ಬೀಜಕ್ಕೆ ತುದಿಯಲ್ಲಿ ಹತ್ತಿಯಂಥ ಜುಟ್ಟು. ಎರಡು ಬೆರಳಲ್ಲಿ ಒತ್ತಿ, ಬಾಗಿದರೆ ಜೊಳ್ಳು, ಕಡ್ಡಿಯ ಹಾಗೆ ನೆಟ್ಟಗಿದ್ದರೆ ಗಟ್ಟಿ. ಗಟ್ಟಿಯಾದದ್ದನ್ನು ಜುಟ್ಟು ಮೇಲೆ ಬರುವ ಹಾಗೆ ಚುಚ್ಚಿ ನಿಲ್ಲಿಸಿ.

ಈಗ ಅಮರಿಲ್ಲಿಸ್. ಇವತ್ತು ನಾನು ಬಂದಿರುವುದೇ ಇದಕ್ಕೆ. ಹಳೇ ಕಾಂಪೌಂಡ್ ಮನೆಗಳಲ್ಲಿ ಏಪ್ರಿಲ್ ಬಂತೆಂದರೆ ಎಲೆ ಸರಿಯಾಗಿ ಇಲ್ಲದ ಗೆಡ್ಡೆಯಿಂದ ದಂಟೊಂದು ಎದ್ದು ನಾಲ್ಕು ದಿಕ್ಕಿಗೂ ಹೂ ಬಿಡುತ್ತದಲ್ಲ, ಕೆಂಪು, ಕೇಸರಿ, ಬಿಳಿ ಗೆರೆಯದು. ನಾವು ಗೆಡ್ಡೆ ಹಂಚಿಕೊಳ್ಳುತ್ತೇವೆಯೇ ಹೊರತು ಬೀಜದ ಕಡೆ ನೋಡುವುದೇ ಇಲ್ಲ. ಬಿಳಿ ಗೆರೆಯ ಕೆಂಪು ಹೂವಿಗೆ ಒಂದು ಕಥೆ ಇದೆ. ಈ ಕುಲದ ಮೊದಲ ಮಿಶ್ರತಳಿ ಮಾಡಿದ್ದು 1799ರಲ್ಲಿ, ಇಂಗ್ಲೆಂಡಿನ ಲ್ಯಾಂಕಾಶೈರಿನ ಜಾನ್ಸನ್ ಅನ್ನುವ ಒಬ್ಬ ಗಡಿಯಾರ ರಿಪೇರಿಯವನು. ತಳಿ ಇವತ್ತಿಗೂ ಅವನ ಹೆಸರಲ್ಲೇ ಇದೆ. ಗಡಿಯಾರದವನಿಗೆ ಸಾಧ್ಯವಾದದ್ದು ನಮಗೆ ಆಗುವುದಿಲ್ಲವೇ?

ಹೂ ಅರಳಿದ ಎರಡು ಮೂರು ದಿನಕ್ಕೆ ನಡುವಿನ ಉದ್ದ ದಾರದ ತುದಿ ಮೂರಾಗಿ ಸೀಳಿಕೊಳ್ಳುತ್ತದೆ. ಇನ್ನೊಂದು ಗಿಡದ ಹಳದಿ ಪುಡಿಯನ್ನು ಬೆರಳ ತುದಿಯಲ್ಲಿ ತಂದು ಅಲ್ಲಿ ಸವರಿ. ತನ್ನ ಪುಡಿ ತನಗೇ ಹಾಕಿದರೆ ಎಷ್ಟೋ ಸಲ ಕಾಯಿ ಕಟ್ಟುವುದಿಲ್ಲ. ಕಟ್ಟಿದರೆ ಒಂದು ವಾರದಲ್ಲೇ ಹೂವಿನ ಬುಡ ಊದುತ್ತದೆ. ದಂಟು ಕತ್ತರಿಸಬೇಡಿ. ನಾಲ್ಕೈದು ವಾರಕ್ಕೆ ಮೂರು ಹೋಳಿನ ಕಾಯಿ ಹಳದಿಗೆ ತಿರುಗಿ ತುದಿಯಿಂದ ಬಿರಿಯುತ್ತದೆ. ಒಳಗೆ ನೋಡಬೇಕು ನೀವು. ಕವಳೆ ಕಟ್ಟಿದ ವೀಳ್ಯದೆಲೆಯ ಹಾಗೆ ಒಂದರ ಮೇಲೊಂದು ಕಪ್ಪು ಹಾಳೆಗಳು. ಸುಟ್ಟ ಕಾಗದದ ಚೂರು ಅಂದುಕೊಂಡು ಊದಿಬಿಡಬೇಡಿ. ಒಂದೊಂದೂ ಬೀಜ. ಬೆಳಕಿಗೆ ಹಿಡಿದರೆ ನಡುವೆ ಒಂದು ಉಬ್ಬು ಕಾಣುತ್ತದೆ, ಅದೇ ಜೀವ. ಉಬ್ಬಿಲ್ಲದ್ದು ಬರೀ ಹಾಳೆ.

ಈ ಬೀಜ ಅಟ್ಟದ ಮೇಲೆ ಕೆಲವೇ ತಿಂಗಳು ತಡೆಯುತ್ತದೆ. ಒಣಗಿಸಿ ಫ್ರಿಜ್ಜಿನಲ್ಲಿಟ್ಟರೆ ಮುಂದಿನ ವರ್ಷಕ್ಕೂ ಒಂದಷ್ಟು ಉಳಿಯುತ್ತದೆ. ಆದರೆ ಯಾಕೆ ಇಡಬೇಕು? ಕಾಯಿ ಬಿರಿಯುವುದೇ ಮಳೆಯ ಮುಂಚೆ, ಗಿಡ ತಾನೇ ಬಿತ್ತನೆಯ ಕಾಲ ಹೇಳುತ್ತಿದೆ. ಅಗಲ ಬಟ್ಟಲಲ್ಲಿ ನೀರು ತುಂಬಿ ಬೀಜವನ್ನು ಮೇಲೆ ತೇಲಿಬಿಡಿ. ಎರಡು ವಾರದೊಳಗೆ ಒಂದೊಂದರ ಅಂಚಿನಿಂದ ಬಿಳಿ ಬೇರು ಇಳಿಯುತ್ತದೆ. ಮಕ್ಕಳಿರುವ ಮನೆಯಲ್ಲಿ ಬಟ್ಟಲು ಊಟದ ಮೇಜಿನ ಮೇಲೇ ಇರಲಿ. ಬೇರು ಒಂದು ಸೆಂಟಿಮೀಟರ್ ಆದಾಗ ಎತ್ತಿ ಟ್ರೇಗೆ ನೆಡಿ. ಮೊದಲ ವರ್ಷ ಗರಿಕೆಯ ಹಾಗೆ ಒಂದೆರಡು ಎಲೆ ಅಷ್ಟೇ. ದೊಡ್ಡ ಗೆಡ್ಡೆಗೆ ಮಾಡುವ ಹಾಗೆ ನೀರು ನಿಲ್ಲಿಸಿ ಒಣಗಿಸಬೇಡಿ. ಮೂರನೇ ವರ್ಷವೋ ನಾಲ್ಕನೆಯದೋ ಹೂ ಬಿಡುತ್ತದೆ. ಅಪ್ಪನ ಬಣ್ಣವೋ ಅಮ್ಮನ ಬಣ್ಣವೋ, ಅಲ್ಲಿಯವರೆಗೆ ಗೊತ್ತಾಗುವುದಿಲ್ಲ.

ಹಿಂದಿನ ಸಾಲಿನಿಂದ ಒಬ್ಬ ಅಮ್ಮ ಚೀಟಿ ಕಳಿಸಿದ್ದಾರೆ. ಮಗಳು ಟೊರಾಂಟೊದಲ್ಲಿದ್ದಾಳೆ, ಟ್ರಿಲಿಯಮ್ ಬೀಜದ ಪ್ಯಾಕೆಟ್ ತಂದು ಬಿತ್ತಿದಳು, ವರ್ಷವಾದರೂ ಸುದ್ದಿ ಇಲ್ಲ ಅಂತ. ಟ್ರಿಲಿಯಮ್ ಅಲ್ಲಿನ ಒಂಟಾರಿಯೊ ಪ್ರಾಂತ್ಯದ ಹೂ, ಹಿಮ ಕರಗಿದ ಮೇಲೆ ಕಾಡಿನಡಿ ಅರಳುವ ಮೂರು ಎಸಳಿನ ಬಿಳಿ ಹೂ. ಅದರ ಬೀಜಕ್ಕೆ ಒಂದು ಮೆತ್ತನೆಯ ಎಣ್ಣೆ ತುಣುಕು ಅಂಟಿರುತ್ತದೆ. ನಮ್ಮ ಹರಳು ಬೀಜದ ತುದಿಯಲ್ಲಿ ಸಣ್ಣ ಗಂಟು ಇರುತ್ತದಲ್ಲ, ಅಂಥದ್ದೇ. ಆ ತುಣುಕಿನ ಆಸೆಗೆ ಇರುವೆ ಬೀಜವನ್ನು ಹೊತ್ತು ಗೂಡಿಗೆ ಒಯ್ಯುತ್ತದೆ, ತುಣುಕು ತಿಂದು ಬೀಜವನ್ನು ತೇವದ ಮಣ್ಣಲ್ಲಿ ಬಿಡುತ್ತದೆ. ಅಂದರೆ ಆ ಬೀಜ ಒಣಗುವ ಪ್ರಸಂಗವೇ ಅಲ್ಲಿ ಬರುವುದಿಲ್ಲ. ಪ್ಯಾಕೆಟ್ಟಿನಲ್ಲಿ ತಿಂಗಳುಗಟ್ಟಲೆ ಒಣಗಿದ್ದು ಹೇಗೆ ಹುಟ್ಟಬೇಕು? ಅಲ್ಲಿ ತೋಟ ಮಾಡುವವರು ಬೇಸಿಗೆಯಲ್ಲಿ ಕಾಯಿ ಬಿರಿದಕೂಡಲೇ ಬೀಜ ತೆಗೆದು ನೇರ ಮಣ್ಣಿಗೆ ಹಾಕುತ್ತಾರೆ, ಇಲ್ಲವೇ ತೇವದ ವರ್ಮಿಕ್ಯುಲೈಟಿನಲ್ಲಿ, ಅಂದರೆ ನೀರು ಹಿಡಿದಿಡುವ ಒಂದು ಹಗುರ ಖನಿಜದ ಚೂರಿನಲ್ಲಿ ಹೂತು ಕವರಿಗೆ ಹಾಕಿಡುತ್ತಾರೆ. ಅದು ಚಳಿ ದೇಶದ ಬೀಜ, ಆಮೇಲೆ ಫ್ರಿಜ್ಜಿನಲ್ಲಿಟ್ಟರೂ ಒಪ್ಪುತ್ತದೆ. ತಾಜಾ ಬಿತ್ತಿದರೂ ಎಲೆ ಮೇಲೆ ಬರಲು ಎರಡು ಚಳಿಗಾಲ ಬೇಕು. ಹಾಗಾಗಿ ಮಗಳಿಗೆ ಹೇಳಿ, ಕುಂಡ ಇನ್ನೂ ಎಸೆಯುವುದು ಬೇಡ, ಆದರೆ ಈ ಬೇಸಿಗೆಯಲ್ಲಿ ಯಾರದಾದರೂ ತೋಟದಿಂದ ಹಸಿ ಬೀಜ ಕೇಳಿ ಬಿತ್ತಲಿ. ಕಾಡಿನಿಂದ ಕೀಳುವುದು ಬೇಡ. ಬರುವಾಗ ಸೂಟ್‌ಕೇಸಿನಲ್ಲಿ ಅಮ್ಮನಿಗೆ ಅಂತ ತರುವುದೂ ಬೇಡ. ಬೀಜ ದೇಶ ದಾಟಲು ಪರ್ಮಿಟ್ಟು, ರೋಗ ಇಲ್ಲ ಅನ್ನುವ ಸರ್ಟಿಫಿಕೇಟು ಎಲ್ಲ ಬೇಕು. ತಂದರೂ ನಮ್ಮ ಸೆಕೆಗೆ ಅದು ಬದುಕುವುದಿಲ್ಲ.

ಮೇಜಿನ ಮೇಲೆ ಅಮರಿಲ್ಲಿಸ್ ಕಾಯಿ ಐದಿವೆ, ನಿನ್ನೆ ಸಂಜೆ ಬಿರಿದದ್ದು. ಒಬ್ಬೊಬ್ಬರು ಹತ್ತು ಬೀಜ ತೆಗೆದುಕೊಳ್ಳಿ, ಬೆಳಕಿಗೆ ಹಿಡಿದು ಉಬ್ಬು ನೋಡಿಯೇ ತೆಗೆದುಕೊಳ್ಳಿ. ಫ್ಯಾನ್ ಆಫ್ ಮಾಡಿಸಿದ್ದೇನೆ, ಹಾರಿಹೋಗುತ್ತವೆ. ಪ್ಲಾಸ್ಟಿಕ್ ಬೇಡ, ಪೇಪರ್ ಪೊಟ್ಟಣ ಪಕ್ಕದಲ್ಲಿದೆ, ಪೆನ್ನೂ ಇದೆ. ಕ್ರೈನಮ್ ಬೀಜ ಮೂರೇ. ಅದರಲ್ಲಿ ಒಂದಕ್ಕೆ ಆಗಲೇ ಕೊಳವೆ ಬಂದಿದೆ. ಬಸ್ಸಿನಲ್ಲಿ ನಿಂತು ಹೋಗುವವರು ಅದನ್ನು ಮುಟ್ಟಬೇಡಿ, ಇಲ್ಲೇ ಹತ್ತಿರದ ಮನೆಯವರು ಯಾರಾದರೂ ಕೈಯಲ್ಲಿ ಹಿಡಿದುಕೊಂಡು ನಡೆದು ಹೋಗಿ.